ಮನೆ ಕಟ್ಟುವ ಮಧ್ಯೆ ರೇಟ್ ಏರಿದರೆ ಯಾರ ತಲೆಗೆ? ಐದು ಬಗೆಯ ಒಪ್ಪಂದಗಳ ಹೋಲಿಕೆ

ನನ್ನ ಭಾವನ ಮನೆಯ ಅಗ್ರಿಮೆಂಟಿನಲ್ಲಿ ಒಂದು ಸಾಲು ಇತ್ತು. "ಸಾಮಾನಿನ ರೇಟ್ ತುಂಬಾ ಜಾಸ್ತಿಯಾದರೆ ಇಬ್ಬರೂ ಕೂತು ಮಾತಾಡಿ ತೀರ್ಮಾನಿಸುವುದು." ಸ್ಟ್ಯಾಂಪ್ ಪೇಪರಿನ ಮೇಲೆ, ಇಬ್ಬರ ಸಹಿಯೂ ಇದೆ. ಕಿನ್ನಿಗೋಳಿ ಹತ್ತಿರ 1500 ಚದರಡಿಯ ಮನೆ. ಸಹಿ ಹಾಕಿದ್ದು 2025ರ ಜನವರಿಯಲ್ಲಿ. ಪಂಚಾಂಗ, ಅಂದರೆ ಅಡಿಪಾಯ ಮುಗಿದು ಗೋಡೆ ಏಳುವಷ್ಟರಲ್ಲಿ ಮಳೆ ಹಿಡಿಯಿತು. ಆ ಮಳೆಗಾಲದಲ್ಲೇ ದಕ್ಷಿಣ ಕನ್ನಡದಲ್ಲಿ ಗೋಡೆಯ ಕೆಂಪು ಕಲ್ಲು, ಹೊಯಿಗೆ (ಮರಳು) ಎರಡೂ ಸಿಗದ ಹಾಗಾಯಿತು. ಕೋರೆಗಳು ನಿಂತವು, ಮೇಸ್ತ್ರಿಗಳು ಕೆಲಸವಿಲ್ಲದೆ ಕೂತರು. ಸಿಕ್ಕಿದ ಕಲ್ಲಿಗೆ ಹೇಳಿದ್ದೇ ರೇಟ್.

ಒಂದು ಸಂಜೆ ಕಾಂಟ್ರಾಕ್ಟರ್ ಬಂದು, "ಚದರಡಿಗೆ ನೂರು ರೂಪಾಯಿ ಹೆಚ್ಚು ಕೊಡಬೇಕು ಮಾರಾಯ್ರೇ, ಇಲ್ಲದಿದ್ದರೆ ನನಗೆ ಪೂರೈಸುವುದಿಲ್ಲ" ಅಂದರಂತೆ. ಭಾವ ನನಗೆ ಫೋನ್ ಮಾಡಿದರು. ಕೂತು ಮಾತಾಡುವುದು ಅಂತ ಬರೆದಿದ್ದಾರಲ್ಲ, ಕೂತರು. ಆದರೆ ಏನು ಮಾತಾಡುವುದು? "ತುಂಬಾ" ಅಂದರೆ ಎಷ್ಟು? ಯಾವ ಸಾಮಾನು? ಯಾವ ದಿನದ ರೇಟಿಗಿಂತ ಜಾಸ್ತಿ? ಅದೊಂದೂ ಕಾಗದದಲ್ಲಿ ಇರಲಿಲ್ಲ.

ನಾನು ಉಡುಪಿ, ಮಂಗಳೂರಿನ ಸೈಟುಗಳಲ್ಲಿ ಇಪ್ಪತ್ತು ವರ್ಷ ಬಿಲ್ ಬರೆದವನು. ಮಾಲೀಕರ ಪರವಾಗಿಯೂ ಬರೆದಿದ್ದೇನೆ, ಕಾಂಟ್ರಾಕ್ಟರ್ ಪರವಾಗಿಯೂ ಬರೆದಿದ್ದೇನೆ. ಜಗಳ ಹುಟ್ಟುವುದು ರೇಟ್ ಏರಿದ್ದರಿಂದಲ್ಲ. ಏರಿದ್ದು ಎಷ್ಟು ಅಂತ ಅಳೆಯಲು ಕೋಲು ಇಲ್ಲದ್ದರಿಂದ. ಹಾಗಾಗಿ ಯಾವ ಬಗೆಯ ಒಪ್ಪಂದದಲ್ಲಿ ಆ ಕೋಲು ಯಾರ ಕೈಯಲ್ಲಿರುತ್ತದೆ ಅನ್ನುವುದನ್ನು ಒಂದೊಂದಾಗಿ ನೋಡೋಣ.

ಏನೂ ಬರೆಯದಿದ್ದರೆ ಏನಾಗುತ್ತದೆ?

"ರೇಟ್ ಇಷ್ಟು ಏರುತ್ತದೆ ಅಂತ ಯಾರಿಗೆ ಗೊತ್ತಿತ್ತು? ಕೋರ್ಟು ಕೇಳುವುದಿಲ್ಲವಾ?" ಅಂತ ಕಾಂಟ್ರಾಕ್ಟರುಗಳು ಕೇಳುವುದುಂಟು. ಕೋರ್ಟು ಕೇಳುತ್ತದೆ, ಆದರೆ ಒಪ್ಪುವುದು ಕಷ್ಟ. ಇದಕ್ಕೆ ತುಪ್ಪದ ಹಳೆಯ ಕೇಸ್ ಒಂದಿದೆ. ಅಲೋಪಿ ಪರ್ಷಾದ್ ಅನ್ನುವ ಕಂಪನಿ ಸೈನ್ಯಕ್ಕೆ ತುಪ್ಪ ಒದಗಿಸುವ ಏಜೆಂಟ್ ಆಗಿತ್ತು. ಒಪ್ಪಂದ ಆದದ್ದು 1937ರಲ್ಲಿ. ಆಮೇಲೆ ಎರಡನೇ ಮಹಾಯುದ್ಧ ಬಂತು, ಲೆಕ್ಕವೆಲ್ಲ ತಲೆಕೆಳಗಾಯಿತು. ನಮಗೆ ಹೆಚ್ಚು ದರ ಕೊಡಿ ಅಂತ ಕಂಪನಿ ಕೇಳಿತು. 1960ರಲ್ಲಿ ಸುಪ್ರೀಂ ಕೋರ್ಟ್ ಇಲ್ಲ ಅಂದಿತು. ಪರಿಸ್ಥಿತಿ ನಿರೀಕ್ಷೆ ಮೀರಿ ಬದಲಾಯಿತು, ಕೆಲಸ ದುಬಾರಿಯಾಯಿತು ಅಂದ ಮಾತ್ರಕ್ಕೆ ಒಪ್ಪಿದ ದರ ಬಿದ್ದುಹೋಗುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 56ನೇ ಸೆಕ್ಷನ್ ಇರುವುದು ಕೆಲಸ ಮಾಡಲಿಕ್ಕೇ ಆಗದಂಥ ಸಂದರ್ಭಕ್ಕೆ. ಲಾಭ ಕರಗಿದ್ದಕ್ಕಲ್ಲ.

2017ರಲ್ಲೂ ಅದೇ ಆಯಿತು. ಇಂಡೋನೇಷ್ಯಾದಲ್ಲಿ ಕಾನೂನು ಬದಲಾಗಿ ಕಲ್ಲಿದ್ದಲು ದುಬಾರಿಯಾಯಿತು. ನಮ್ಮ ದೇಶದ ದೊಡ್ಡ ವಿದ್ಯುತ್ ಕಂಪನಿಗಳು ಕೋರ್ಟಿಗೆ ಹೋದವು. ಅದಕ್ಕೆ ಪರಿಹಾರ ಸಿಗಲಿಲ್ಲ. ನಮ್ಮ ದೇಶದ ಕಾನೂನು ಬದಲಾದ ಭಾಗಕ್ಕೆ ಮಾತ್ರ ದಾರಿ ತೆರೆಯಿತು. ಯಾಕೆ ಗೊತ್ತಾ? ಅಂಥ ಬದಲಾವಣೆಗೆ ಹಣ ಕೊಡಬೇಕು ಅಂತ ಒಪ್ಪಂದದಲ್ಲೇ ಬರೆದಿತ್ತು.

ಮಾಲೀಕರು ಇದನ್ನು ಓದಿ ಖುಷಿಪಡುವುದು ಬೇಡ. ತಡ ಮಾಡಿದ್ದು ನೀವೇ ಆದರೆ ಲೆಕ್ಕ ಬೇರೆ. ಜಾಗ ಬಿಟ್ಟುಕೊಡಲಿಲ್ಲ, ನಕ್ಷೆ ಬದಲಿಸಿದಿರಿ, ಕಂತು ಕೊಡಲಿಲ್ಲ, ಅಷ್ಟರಲ್ಲಿ ರೇಟ್ ಏರಿತು ಅಂತಾದರೆ ಕಾಂಟ್ರಾಕ್ಟರ್ ಕೇಳುವುದರಲ್ಲಿ ನ್ಯಾಯ ಇದೆ. 1989ರ ಪಿ.ಎಂ. ಪಾಲ್ ಪ್ರಕರಣದಲ್ಲಿ ಕೆಲಸ ತಡವಾದದ್ದಕ್ಕೆ ಪಂಚರು ಕೊಟ್ಟ ಹೆಚ್ಚುವರಿ ಹಣವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು.

ಅದೂ ಅಲ್ಲದೆ, ಅರ್ಧ ಕಟ್ಟಿದ ಮನೆಯ ಎದುರು ನಿಂತು ಕಾನೂನು ಹೇಳಿ ಪ್ರಯೋಜನ ಇಲ್ಲ. ಕಾಂಟ್ರಾಕ್ಟರ್ ಸೆಂಟ್ರಿಂಗ್ ಶೀಟ್ ಕಟ್ಟಿಕೊಂಡು ಹೋದರೆ ಜುಲೈ ಮಳೆಯಲ್ಲಿ ನೆನೆಯುವುದು ನಿಮ್ಮ ಗೋಡೆ.

ಪಕ್ಕಾ ರೇಟ್

ಚದರಡಿಗೆ ಇಷ್ಟು, ಸಾಮಾನು ಸಮೇತ, ಏನೇ ಆದರೂ ಏರಿಕೆ ಇಲ್ಲ. ನಮ್ಮೂರಲ್ಲಿ ಜಾಸ್ತಿ ಜನ ಕೇಳುವುದು ಇದನ್ನೇ. ಬ್ಯಾಂಕ್ ಸಾಲ ತೆಗೆಯುವವರಿಗೆ ಮನಸ್ಸಿಗೆ ಸಮಾಧಾನ. ಒಂದು ಅಂಕಿ ಗೊತ್ತಿರುತ್ತದೆ.

ಆದರೆ ಆ ಅಂಕಿಯೊಳಗೆ ಏರಿಕೆಯ ಹಣ ಮೊದಲೇ ಸೇರಿರುತ್ತದೆ. ಬುದ್ಧಿವಂತ ಕಾಂಟ್ರಾಕ್ಟರ್ ಕಂಬಿ, ಸಿಮೆಂಟು ಇಷ್ಟು ಏರಬಹುದು ಅಂತ ಅಂದಾಜು ಹಾಕಿ ಸೇರಿಸಿಯೇ ರೇಟ್ ಕೊಡುತ್ತಾರೆ. ಏರದಿದ್ದರೆ ಅದು ಅವರ ಜೇಬಿಗೆ. ಅದರಲ್ಲಿ ತಪ್ಪೇನಿಲ್ಲ, ಅಪಾಯ ಹೊತ್ತವರಿಗೆ ಕೂಲಿ. ಅಪಾಯ ಇರುವುದು ಆ ಹಣ ಸೇರಿಸದೆ ಕಡಿಮೆ ರೇಟ್ ಕೊಟ್ಟವರ ಹತ್ತಿರ. ರೇಟ್ ಏರಿದಾಗ ಅವರಿಗೆ ಎರಡೇ ದಾರಿ. ಒಂದೋ ಕೆಲಸ ಬಿಡುವುದು, ಇಲ್ಲವೋ ಒಳಗಿಂದ ಎಳೆಯುವುದು. 12 ಮಿಲಿಮೀಟರ್ ಕಂಬಿ ಮೀಟರಿಗೆ ಸುಮಾರು 890 ಗ್ರಾಂ ತೂಗುತ್ತದೆ, 10ರದ್ದು 617 ಗ್ರಾಂ. ಸ್ಲ್ಯಾಬಿನಲ್ಲಿ 12ರ ಜಾಗಕ್ಕೆ 10 ಬಂದರೆ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಕಬ್ಬಿಣ ಕಾಣೆ. ಕಾಂಕ್ರೀಟ್ ಬಿದ್ದ ಮೇಲೆ ಯಾರು ನೋಡುತ್ತಾರೆ?

ನನ್ನ ಪ್ರಕಾರ ಪಕ್ಕಾ ರೇಟ್ ಒಳ್ಳೆಯದು ಎರಡು ಕಡೆ. ಒಂದು, ಆರೇಳು ತಿಂಗಳೊಳಗೆ ಮುಗಿಯುವ ಕೆಲಸ. ನಮ್ಮ ಕಡೆ ಅದರ ಅರ್ಥ, ಅಕ್ಟೋಬರಿನಲ್ಲಿ ಶುರುಮಾಡಿ ಮೇ ತಿಂಗಳೊಳಗೆ ಮುಗಿಯುವಂಥದ್ದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ಇದು. ಮಳೆಗಾಲದಲ್ಲಿ ಹೊಳೆಯಿಂದ ಹೊಯಿಗೆ ತೆಗೆಯುವುದಕ್ಕೂ ತಡೆ ಇರುತ್ತದೆ. ಒಂದು ಮಳೆಗಾಲ ದಾಟಿದರೆ ರೇಟ್ ದಾಟಿದ ಹಾಗೇ. ಇನ್ನೊಂದು, ಒಳಗಿನ ಕೆಲಸಗಳು. ಬಣ್ಣ, ಟೈಲ್ಸ್, ಸೀಲಿಂಗ್. ಟೈಲ್ಸಿಗೆ ಚದರಡಿಗೆ ಇಷ್ಟು ಅಂತ ಮೊತ್ತ ಬರೆದಿಟ್ಟರೆ ಸಾಕು.

ಲೇಬರ್ ಕಾಂಟ್ರಾಕ್ಟ್

ಸಾಮಾನು ನೀವೇ ತರುವುದು, ಕೂಲಿ ಮಾತ್ರ ಅವರದ್ದು. ಇದನ್ನು ಆರಿಸುವವರು "ಏರಿಕೆಯ ಗಲಾಟೆಯೇ ಇಲ್ಲ" ಅನ್ನುತ್ತಾರೆ. ಗಲಾಟೆ ಇಲ್ಲ ನಿಜ, ಏರಿಕೆ ಇದೆ. ಪೂರ್ತಿ ನಿಮ್ಮ ತಲೆಗೆ.

ಊರಲ್ಲೇ ಇರುವವರು, ಅಂಗಡಿಯವರ ಪರಿಚಯ ಇರುವವರು, ದಿನಾ ಸೈಟಿಗೆ ಹೋಗಿ ಬರಬಲ್ಲವರು ಇದನ್ನು ಮಾಡಬಹುದು. ನಿವೃತ್ತರಾದ ಮಾಸ್ತರರೊಬ್ಬರು ಹೀಗೆ ಮನೆ ಕಟ್ಟಿಸಿದ್ದನ್ನು ನಾನು ನೋಡಿದ್ದೇನೆ. ಪ್ರತಿ ಚೀಲ ಸಿಮೆಂಟಿಗೆ ಪುಸ್ತಕದಲ್ಲಿ ಲೆಕ್ಕ. ಮುಂಬೈಯಲ್ಲೋ ದುಬೈಯಲ್ಲೋ ಕೂತು ಊರಲ್ಲಿ ಮನೆ ಕಟ್ಟಿಸುವವರಿಗೆ ಇದು ಬೇಡ. ಸಾಮಾನು ಹಾಳಾದರೆ ಕೂಲಿಯವರಿಗೆ ನಷ್ಟ ಇಲ್ಲ. ಹಾಗಾಗಿ ಹಾಳಾಗುತ್ತದೆ.

ಹೊಯಿಗೆಯ ವಿಷಯದಲ್ಲಿ ಒಂದು ಮಾತು. ಲೋಡಿನ ರೇಟ್ ಏರದೆ ಲೋಡೇ ಸಣ್ಣದಾಗುವುದು ಇಲ್ಲಿ ಮಾಮೂಲಿ. ಟಿಪ್ಪರಿನ ಲೆಕ್ಕ ಬಿಟ್ಟು ಯೂನಿಟಿನ ಲೆಕ್ಕದಲ್ಲಿ, ಅಂದರೆ ನೂರು ಘನ ಅಡಿಯ ಲೆಕ್ಕದಲ್ಲಿ ಮಾತಾಡಿ. ಬಾಡಿಯ ಉದ್ದ ಅಗಲ ಎತ್ತರ ಟೇಪು ಹಿಡಿದು ನೋಡಿ. ಡ್ರೈವರ್ ನಗಬಹುದು, ನಗಲಿ.

ಖರ್ಚಿನ ಮೇಲೆ ಶೇಕಡಾ

ಆದ ಖರ್ಚಿನ ಬಿಲ್ ತೋರಿಸಿ, ಅದರ ಮೇಲೆ ಶೇಕಡಾ ಹತ್ತೋ ಹನ್ನೆರಡೋ ಕಾಂಟ್ರಾಕ್ಟರಿಗೆ. ರೇಟ್ ಏರಿದರೂ ಇಳಿದರೂ ತಾನಾಗಿ ಸರಿಹೋಗುತ್ತದೆ. ಆದರೆ ಖರ್ಚು ಜಾಸ್ತಿಯಾದಷ್ಟೂ ಕಾಂಟ್ರಾಕ್ಟರಿಗೆ ಸಿಗುವುದೂ ಜಾಸ್ತಿ! ಚೌಕಾಸಿ ಮಾಡಲು ಅವರಿಗೆ ಕಾರಣವೇ ಇಲ್ಲ. ಶೇಕಡಾ ಬದಲು ಒಂದು ಪಕ್ಕಾ ಮೊತ್ತವನ್ನು ಅವರ ಸಂಭಾವನೆ ಅಂತ ಇಟ್ಟರೆ ಈ ರೋಗ ಅರ್ಧ ಗುಣವಾಗುತ್ತದೆ.

ಹಳೆಯ ಮನೆ ರಿಪೇರಿಗೆ ಇದೊಂದೇ ದಾರಿ. ಮಾಡು (ಛಾವಣಿ) ಬಿಚ್ಚಿದ ಮೇಲೆ ಅದರ ಮರದ ಪಕ್ಕಾಸು ಎಷ್ಟು ಕೊಳೆತಿದೆ ಅಂತ ಗೊತ್ತಾಗುವುದು. ಮೊದಲೇ ರೇಟ್ ಹೇಳುವುದು ಹೇಗೆ? ದೇವಸ್ಥಾನದ ಜೀರ್ಣೋದ್ಧಾರಕ್ಕೂ ಬಹಳ ಸಲ ಇದೇ ಸರಿ. ಒಬ್ಬರು ಮರ ಕೊಡುತ್ತಾರೆ, ಇನ್ನೊಬ್ಬರು ಸಿಮೆಂಟು, ಮತ್ತೊಬ್ಬರು ಲೋಡು ಕಲ್ಲು. ಪಕ್ಕಾ ರೇಟಿನಲ್ಲಿ ಇದನ್ನೆಲ್ಲ ಕಳೆಯುತ್ತ ಕೂತರೆ ಲೆಕ್ಕ ಮುಗಿಯದು. ಅಲ್ಲಿ ಇನ್ನೊಂದು ತೊಡಕು, ಬ್ರಹ್ಮಕಲಶದ ದಿನ ಮೊದಲೇ ನಿಗದಿಯಾಗಿರುತ್ತದೆ. ರೇಟ್ ಇಳಿಯಲಿ ಅಂತ ಕಾಯುವ ಹಾಗಿಲ್ಲ. ಗರ್ಭಗುಡಿಯ ಮಾಡಿಗೆ ತಾಮ್ರ ಹೊದೆಸುವುದಿದ್ದರೆ ಅದನ್ನು ಉಳಿದ ಕೆಲಸದಿಂದ ಬೇರೆ ಮಾಡಿ. ತಾಮ್ರದ ರೇಟ್ ಜಗತ್ತಿನ ಮಾರುಕಟ್ಟೆಯ ಜೊತೆ ಏರಿಳಿಯುತ್ತದೆ. ತೂಕ ಗೊತ್ತಾದ ಕೂಡಲೇ ತಗಡು ತೆಗೆದಿಟ್ಟು, ಕೆಲಸದ ಕೂಲಿ ಮಾತ್ರ ಒಪ್ಪಂದದಲ್ಲಿ ಬರೆಯುವುದು ಒಳ್ಳೆಯದು.

ಬೇಸ್ ರೇಟ್ ಬರೆದು ವ್ಯತ್ಯಾಸ ಕೊಡುವುದು

ನಾನು ಮನೆ ಕಟ್ಟುವವರಿಗೆಲ್ಲ ಹೇಳುವುದು ಇದನ್ನು. ಹಾಗಾಗಿ ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲು ಒಂದು ಲೆಕ್ಕ. ಪಿಲ್ಲರ್ ಎಬ್ಬಿಸಿ ಕಟ್ಟುವ ಮನೆಗೆ ಚದರಡಿಗೆ ಮೂರೂವರೆ ನಾಲ್ಕು ಕಿಲೋ ಕಂಬಿ ಅಂತ ಸೈಟಿನಲ್ಲಿ ಅಂದಾಜು ಹಾಕುತ್ತೇವೆ. ಸಿಮೆಂಟು ಚದರಡಿಗೆ 0.4 ಚೀಲ. ಕೆಂಪು ಕಲ್ಲಿನ ಗೋಡೆಯೇ ಭಾರ ಹೊರುವ ಮನೆಯಾದರೆ ಕಂಬಿ ಇನ್ನೂ ಕಡಿಮೆ. 1500 ಚದರಡಿಗೆ ಐದು ಟನ್ ಕಂಬಿ ಅಂತಿಟ್ಟುಕೊಳ್ಳಿ. ಕಿಲೋಗೆ 55 ಇದ್ದದ್ದು 75 ಆಯಿತು ಅನ್ನಿ. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಏರಿಕೆ. ಕೇಳುವಾಗ ಎದೆ ಧಸಕ್ಕೆನ್ನುತ್ತದೆ. ಆದರೆ ಹಣದಲ್ಲಿ? ಐದು ಸಾವಿರ ಕಿಲೋಗೆ ಇಪ್ಪತ್ತು ರೂಪಾಯಿಯ ಹಾಗೆ ಒಂದು ಲಕ್ಷ. ಚದರಡಿಗೆ 2200ರ ಹಾಗೆ ಮನೆ 33 ಲಕ್ಷದ್ದು. ಅಂದರೆ ಶೇಕಡಾ ಮೂರು. "ಕಂಬಿ ಮೂವತ್ತಾರು ಪರ್ಸೆಂಟ್ ಏರಿದೆ, ನೀವು ಒಟ್ಟಿಗೆ ಹತ್ತು ಪರ್ಸೆಂಟ್ ಕೊಡಿ ಸಾಕು" ಅಂತ ಯಾರಾದರೂ ಹೇಳಿದರೆ ಅದು ಉದಾರವಾಗಿ ಕೇಳುತ್ತದೆ. ಅಲ್ಲ. ಒಂದು ಲಕ್ಷದ ಜಾಗದಲ್ಲಿ 3.3 ಲಕ್ಷ.

ಅದಕ್ಕೇ ಏರಿಕೆಯನ್ನು ಇಡೀ ಮನೆಯ ಮೇಲೆ ಹಾಕಬಾರದು. ಏರಿದ ಸಾಮಾನಿನ ಮೇಲೆ ಮಾತ್ರ ಹಾಕಬೇಕು. ನಮ್ಮ ಕಡೆಗೆ ಐದು ಸಾಮಾನು ಸಾಕು. ಕಂಬಿ, ಸಿಮೆಂಟು, ಕೆಂಪು ಕಲ್ಲು, ಹೊಯಿಗೆ ಅಥವಾ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), ಜಲ್ಲಿ. ಇವುಗಳಿಗೆ ಸಹಿ ಹಾಕುವ ದಿನದ ರೇಟ್ ಬರೆದಿಡುವುದು. ಅದೇ ಬೇಸ್ ರೇಟ್. ಆಮೇಲೆ ಏರಿದರೆ ವ್ಯತ್ಯಾಸ ಮಾಲೀಕರು ಕೊಡುವುದು, ಇಳಿದರೆ ಕಾಂಟ್ರಾಕ್ಟರ್ ಬಿಡುವುದು. ಉಳಿದದ್ದೆಲ್ಲ ಪಕ್ಕಾ. ಕೇಂದ್ರ ಲೋಕೋಪಯೋಗಿ ಇಲಾಖೆ, ಅಂದರೆ ಸಿಪಿಡಬ್ಲ್ಯುಡಿ ಗುತ್ತಿಗೆಗಳಲ್ಲಿ 10ಸಿಎ ಅನ್ನುವ ಷರತ್ತು ಇದೇ ಜಾತಿಯದ್ದು. ಸಿಮೆಂಟು, ಕಂಬಿಯಂಥ ಸಾಮಾನಿಗೆ ಮಾತ್ರ, ಬಳಸಿದ ಪ್ರಮಾಣದ ಮೇಲೆ ವ್ಯತ್ಯಾಸ. ಅವರು ಸೂಚ್ಯಂಕ, ಅಂದರೆ ಬೆಲೆಯ ಏರಿಳಿತ ತೋರಿಸುವ ಅಂಕಿ ಹಿಡಿಯುತ್ತಾರೆ, ನಾವು ಅಂಗಡಿಯ ರೇಟ್ ಹಿಡಿಯಬಹುದು.

ಸುಮ್ನೆ "ಬೇಸ್ ರೇಟ್ 60" ಅಂತ ಬರೆದರೆ ಮತ್ತೆ ಜಗಳ. ಯಾವ ಕಂಪನಿಯ ಕಂಬಿ? ಜಿಎಸ್‌ಟಿ ಸೇರಿಯೋ ಬಿಟ್ಟೋ? ಅಂಗಡಿಯಲ್ಲಿ ಕೊಡುವ ರೇಟೋ, ಸೈಟಿಗೆ ತಂದು ಇಳಿಸಿದ ರೇಟೋ? ಕಾರ್ಕಳದಿಂದ ಬರುವ ಜಲ್ಲಿಗೂ ಪಕ್ಕದೂರಿನ ಕ್ರಷರಿನಿಂದ ಬರುವ ಜಲ್ಲಿಗೂ ಸಾಗಾಟದಲ್ಲೇ ದೊಡ್ಡ ವ್ಯತ್ಯಾಸ. ಊರಿನ ಎರಡು ಅಂಗಡಿ ಒಪ್ಪಿಕೊಂಡು, ಎರಡರ ಸರಾಸರಿ ಅಂತ ಬರೆಯುವುದು ನನ್ನ ಕ್ರಮ. ಒಂದೇ ಅಂಗಡಿಯಾದರೆ ಕಾಂಟ್ರಾಕ್ಟರಿನ ದೋಸ್ತಿ ಬಿಲ್ ಬರೆದುಕೊಟ್ಟಾನು.

ಪ್ರಮಾಣದ ಲೆಕ್ಕ ಬಿಲ್ಲಿನಿಂದ ಬೇಡ, ನಕ್ಷೆಯಿಂದ ಮಾಡಿ. ಕಂಬಿಯ ದಪ್ಪವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿನ ತೂಕ ಕಿಲೋದಲ್ಲಿ ಬರುತ್ತದೆ. ಮೇಸ್ತ್ರಿಗಳಿಗೂ ಬಾಯಿಪಾಠ ಇರುವ ಲೆಕ್ಕ. ನಕ್ಷೆಯಲ್ಲಿರುವ ಕಂಬಿಗೆ ತುಂಡು ತುಣುಕಿನ ಬಾಬ್ತು ಶೇಕಡಾ ಮೂರರಿಂದ ಐದು ಸೇರಿಸಿ, ಅಷ್ಟಕ್ಕೇ ವ್ಯತ್ಯಾಸ. ಬೇರೆ ಸೈಟಿಗೆ ಹೋದ ಕಂಬಿಯ ಬಿಲ್ ಕೂಡ ನಿಮ್ಮ ಹೆಸರಿಗೆ ಬಂದಿರಬಹುದು. ನಾನು ಕಂಡಿದ್ದೇನೆ.

ಸಣ್ಣ ಸಣ್ಣ ಏರಿಳಿತಕ್ಕೆಲ್ಲ ಲೆಕ್ಕ ಹಾಕುತ್ತ ಕೂರಲು ಆಗುವುದಿಲ್ಲ. ಹಾಗಾಗಿ ಶೇಕಡಾ ಐದರವರೆಗೆ ಯಾರೂ ಕೇಳಬಾರದು ಅಂತ ಬರೆಯುವ ರೂಢಿ. ಇಲ್ಲಿ ಒಂದು ಗುಂಡಿ ಇದೆ. ಬೇಸ್ 60, ಐದು ಪರ್ಸೆಂಟ್ ಅಂದರೆ 63ರವರೆಗೆ ಕಾಂಟ್ರಾಕ್ಟರಿನದ್ದು. ರೇಟ್ 72 ಆಯಿತು. ಈಗ ಕೊಡಬೇಕಾದ್ದು 63ರಿಂದ ಮೇಲಿನ 9 ರೂಪಾಯಿಯೋ, ಗಡಿ ದಾಟಿತು ಅಂತ 60ರಿಂದ ಪೂರ್ತಿ 12 ರೂಪಾಯಿಯೋ? ನಾಲ್ಕು ಟನ್ನಿಗೆ ಒಂದು ಲೆಕ್ಕದಲ್ಲಿ 36 ಸಾವಿರ, ಇನ್ನೊಂದರಲ್ಲಿ 48 ಸಾವಿರ. ಎರಡೂ ಸರಿಯೇ. ಯಾವುದು ಅಂತ ಬರೆದಿರಬೇಕು ಅಷ್ಟೆ. ಗಡಿಯ ಮೇಲಿನದ್ದು ಮಾತ್ರ ಅನ್ನುವುದು ನನಗೆ ಇಷ್ಟ. ಇಲ್ಲದಿದ್ದರೆ 62.90 ಇದ್ದ ರೇಟ್ ಬಿಲ್ಲಿನಲ್ಲಿ 63.10 ಆಗಿಬಿಡುತ್ತದೆ.

ಇಳಿಕೆಯನ್ನು ಬರೆಯಲು ಎಲ್ಲರೂ ಮರೆಯುತ್ತಾರೆ. ರೇಟ್ ಇಳಿಯುವುದುಂಟಾ ಅಂತ ಕೇಳುತ್ತಾರೆ. ಉಂಟು. 2022ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಹಲವು ಬಗೆಯ ಉಕ್ಕಿನ ರಫ್ತಿಗೆ ಶೇಕಡಾ 15 ಸುಂಕ ಹಾಕಿದ ಮೇಲೆ ಕಬ್ಬಿಣದ ರೇಟ್ ಇಳಿದದ್ದು ನೆನಪಿರಬಹುದು. ನವೆಂಬರಿನಲ್ಲಿ ಆ ಸುಂಕ ತೆಗೆದರು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ 28ರಿಂದ 18ಕ್ಕೆ ಬಂತು. ತೆರಿಗೆ ಸೇರಿ 400 ರೂಪಾಯಿ ಇದ್ದ ಚೀಲದ ಮೂಲ ಬೆಲೆ 312.50. ಹೊಸ ತೆರಿಗೆ ಸೇರಿದರೆ 368.75. ಚೀಲಕ್ಕೆ 31 ರೂಪಾಯಿ ಚಿಲ್ಲರೆ ಕಡಿಮೆ. ಅಂಗಡಿಯವರು ಅಷ್ಟನ್ನೂ ಇಳಿಸಿದರಾ ಅನ್ನುವುದು ಬೇರೆ ಮಾತು. ಬೇಸ್ ರೇಟ್ ಬರೆದವರು ಮಾತ್ರ ಇದನ್ನು ಕೇಳಿ ಪಡೆಯಬಹುದಿತ್ತು.

ಮುಂಗಡದ ವಿಷಯವನ್ನೂ ಬರೆಯಿರಿ. ಕಂಬಿ ತೆಗೆದಿಡಲು ಅಂತ ಮುಂಗಡ ಕೊಟ್ಟಿದ್ದರೆ, ಅಷ್ಟು ಕಂಬಿಗೆ ಆಮೇಲೆ ಏರಿಕೆ ಕೇಳುವ ಹಾಗಿಲ್ಲ. ತೆಗೆದಿಡುವುದು ಅಂದಾಗ ನಮ್ಮ ಉಪ್ಪು ಗಾಳಿಯ ನೆನಪಿರಲಿ. ಮಲ್ಪೆ, ಉಳ್ಳಾಲದ ಕಡೆ ಕಡಲ ಹತ್ತಿರದ ಸೈಟಿನಲ್ಲಿ ಒಂದು ಮಳೆಗಾಲ ಹೊರಗೆ ಬಿದ್ದ ಕಂಬಿಯ ತುಕ್ಕು ಕೈಗೆ ಬರುತ್ತದೆ. ಉಳಿಸಿದ ರೂಪಾಯಿ ಅಲ್ಲಿಗೆ ಹೋಯಿತು.

ತಡವಾದರೆ ಯಾವ ದಿನದ ರೇಟ್? ಕಾಂಟ್ರಾಕ್ಟರಿನಿಂದ ತಡವಾದರೆ, ಮುಗಿಯಬೇಕಾಗಿದ್ದ ದಿನದ ರೇಟಿಗೆ ನಿಲ್ಲಿಸಬೇಕು. ಆಮೇಲೆ ಏರಿದ್ದು ಅವರದ್ದು. ಮಾಲೀಕರಿಂದ ತಡವಾದರೆ ಏರಿಕೆ ನಡೆಯುತ್ತದೆ. ಪಂಪ್‌ವೆಲ್ ಮೇಲ್ಸೇತುವೆ ಎಷ್ಟು ವರ್ಷ ಎಳೆದು 2020ರ ಜನವರಿಯಲ್ಲಿ ತೆರೆಯಿತು ಅಂತ ನೋಡಿದ ನಮಗೆ ತಡ ಅಂದರೇನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಯನ್ನು ತಡದ ಕಾರಣ ಅಂತ ಒಪ್ಪಬೇಡಿ. ಜೂನ್‌ನಲ್ಲಿ ಇಲ್ಲಿ ಮಳೆ ಬರುತ್ತದೆ ಅಂತ ಕಾಂಟ್ರಾಕ್ಟರಿಗೆ ಸಹಿ ಹಾಕುವಾಗಲೇ ಗೊತ್ತಿತ್ತು.

ಸಾಮಾನೇ ಸಿಗದಿದ್ದರೆ ವ್ಯತ್ಯಾಸ ಕೊಟ್ಟು ಏನು ಮಾಡುವುದು? 2025 ನಮಗೆ ಕಲಿಸಿದ್ದು ಅದನ್ನೇ. ಕೆಂಪು ಕಲ್ಲು ಇಷ್ಟು ದಿನ ಸಿಗದಿದ್ದರೆ ಸಿಮೆಂಟ್ ಬ್ಲಾಕ್ ಬಳಸಬಹುದು, ಬ್ಲಾಕಿನ ಗೋಡೆಗೆ ಇಂತಿಷ್ಟು ರೇಟ್ ಅಂತ ಮೊದಲೇ ಒಂದು ಸಾಲು ಇರಲಿ. ಬದಲಿಸುವ ಮೊದಲು ಎಂಜಿನಿಯರಿಗೆ ತೋರಿಸಿ. ಕಲ್ಲಿಗೂ ಬ್ಲಾಕಿಗೂ ಗೋಡೆಯ ದಪ್ಪ, ಭಾರ ಬೇರೆ ಬೇರೆ.

ಸೂಚ್ಯಂಕದ ಸೂತ್ರ

ದೊಡ್ಡ ಕೆಲಸಗಳಲ್ಲಿ ಅಂಗಡಿಗೆ ಹೋಗಿ ರೇಟ್ ಕೇಳುವುದಿಲ್ಲ. ಸರ್ಕಾರ ಪ್ರಕಟಿಸುವ ಸೂಚ್ಯಂಕ ಹಿಡಿದು ಲೆಕ್ಕ ಹಾಕುತ್ತಾರೆ. ಸಿಪಿಡಬ್ಲ್ಯುಡಿಯ 10ಸಿಸಿ ಷರತ್ತು ಇಂಥದ್ದು. ಅವಧಿ ಒಂದು ಮಿತಿಗಿಂತ ಉದ್ದ ಇರುವ ಗುತ್ತಿಗೆಗಳಿಗೆ ಅದು ಅನ್ವಯ. ವಿಶ್ವಬ್ಯಾಂಕ್ ಸಾಲದ ಕೆಲಸಗಳಲ್ಲೂ ಅವಧಿ 18 ತಿಂಗಳು ಮೀರಿದರೆ ಬೆಲೆ ಹೊಂದಾಣಿಕೆ ಇರಲೇಬೇಕು ಅನ್ನುವ ಕ್ರಮ ಇದೆ. ಅಂತರರಾಷ್ಟ್ರೀಯ ಗುತ್ತಿಗೆಗಳ ಫಿಡಿಕ್ ಮಾದರಿಯಲ್ಲೂ ಕೂಲಿ, ಯಂತ್ರ, ಸಾಮಾನು ಒಂದೊಂದಕ್ಕೂ ತೂಕ ಕೊಟ್ಟು ಲೆಕ್ಕ ಮಾಡುವ ಸೂತ್ರ ಇದೆ. ಅದರಲ್ಲಿ ಒಂದು ಭಾಗ ಏನೇ ಆದರೂ ಬದಲಾಗುವುದಿಲ್ಲ.

10ಸಿಸಿ ಲೆಕ್ಕ ಹೀಗೆ. ಆ ಅವಧಿಯ ಕೆಲಸ ಒಂದು ಕೋಟಿಯದ್ದು ಅನ್ನಿ. ಅದರಲ್ಲಿ ಶೇಕಡಾ 85ಕ್ಕೆ ಮಾತ್ರ ಏರಿಕೆ ಲೆಕ್ಕ, ಅಂದರೆ 85 ಲಕ್ಷಕ್ಕೆ. ಅದರಲ್ಲಿ ಸಾಮಾನಿನ ಪಾಲು ಶೇಕಡಾ 30 ಅಂತ ಟೆಂಡರಿನಲ್ಲಿ ಬರೆದಿದ್ದರೆ 25.5 ಲಕ್ಷ. ಸೂಚ್ಯಂಕ 140 ಇದ್ದದ್ದು 154 ಆದರೆ ಶೇಕಡಾ ಹತ್ತು ಏರಿಕೆ. ಸಿಗುವುದು 2.55 ಲಕ್ಷ. ಕೂಲಿಗೂ ಬೇರೆ ಪಾಲು, ಬೇರೆ ಲೆಕ್ಕ. ಯಾರ ಮುಖವನ್ನೂ ನೋಡಬೇಕಾಗಿಲ್ಲ, ಯಾರ ಬಿಲ್ಲನ್ನೂ ನಂಬಬೇಕಾಗಿಲ್ಲ. ಅದೇ ಇದರ ದೊಡ್ಡ ಗುಣ.

ಸೂಚ್ಯಂಕ ಇಡೀ ದೇಶದ್ದು ಅನ್ನುವುದು ಇದರ ದೋಷ. ಸಗಟು ಬೆಲೆ ಸೂಚ್ಯಂಕ ತಿಂಗಳಿಗೊಮ್ಮೆ ಡೆಲ್ಲಿಯಿಂದ ಬರುತ್ತದೆ. ಮೊದಲು ತಾತ್ಕಾಲಿಕ ಅಂಕಿ, ಆಮೇಲೆ ಅಂತಿಮ ಅಂಕಿ. ಮಂಗಳೂರಲ್ಲಿ ಕಲ್ಲು ಸಿಗದೆ ಕೆಲಸ ನಿಂತಾಗ ಡೆಲ್ಲಿಯ ಅಂಕಿ ಅಲುಗುವುದಿಲ್ಲ. ಸಿಮೆಂಟು, ಕಂಬಿ, ಡೀಸೆಲಿಗೆ ಸೂತ್ರ ಚೆನ್ನಾಗಿ ಹೊಂದುತ್ತದೆ. ಸ್ವರ್ಣಾ ಹೊಳೆಯ ಹೊಯಿಗೆಗೆ ಹೊಂದುವುದಿಲ್ಲ. ಎರಡು ವರ್ಷ ಹಿಡಿಯುವ ಆಸ್ಪತ್ರೆ, ಕಾಲೇಜು, ಕಾಂಪ್ಲೆಕ್ಸ್ ಕಟ್ಟಿಸುವವರು ಸೂತ್ರ ಹಿಡಿಯಲಿ. ಕಲ್ಲು ಮತ್ತು ಹೊಯಿಗೆಯನ್ನು ಅದರಿಂದ ಹೊರಗಿಟ್ಟು ಬೇಸ್ ರೇಟಿಗೆ ಹಾಕಲಿ. ಮನೆಗೆ ಸೂತ್ರ ಬೇಡ. ಕೋಳಿ ಕೊಯ್ಯಲು ಕೊಡಲಿ ತಂದ ಹಾಗೆ.

ಕೂಲಿ ಮತ್ತು ಫ್ಲಾಟು

ಮನೆಯ ಕೆಲಸದಲ್ಲಿ ಕೂಲಿಯ ರೇಟನ್ನು ಒಂದು ವರ್ಷಕ್ಕೆ ಪಕ್ಕಾ ಮಾಡಿಬಿಡಿ. ಕರ್ನಾಟಕದಲ್ಲಿ ಕನಿಷ್ಠ ಕೂಲಿಯ ತುಟ್ಟಿಭತ್ಯೆ ಏಪ್ರಿಲಿನಲ್ಲಿ ಬದಲಾಗುತ್ತದೆ. ಕೆಲಸ ವರ್ಷ ದಾಟಿದರೆ ಆ ಏಪ್ರಿಲಿನಲ್ಲಿ ಒಮ್ಮೆ ಏರಿಸುವುದು ಅಂತ ಬರೆದರೆ ಮುಗಿಯಿತು.

ಫ್ಲಾಟ್ ಕೊಳ್ಳುವವರಿಗೆ ಇದೆಲ್ಲ ಬೇಕಾಗಿಲ್ಲ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ಮಾದರಿ ಮಾರಾಟ ಒಪ್ಪಂದದಲ್ಲಿ ಒಟ್ಟು ಬೆಲೆಗೆ ಏರಿಕೆ ಇಲ್ಲ. ಸರ್ಕಾರಿ ಪ್ರಾಧಿಕಾರಕ್ಕೆ ಕಟ್ಟುವ ಅಭಿವೃದ್ಧಿ ಶುಲ್ಕದಂಥದ್ದು ಏರಿದರೆ ಮಾತ್ರ ಕೇಳಬಹುದು. ಕಂಬಿ ಏರಿತು ಅಂತ ಬಿಲ್ಡರ್ ಹೇಳಿದರೆ ಒಪ್ಪಂದ ತೆಗೆದು ತೋರಿಸಿ. ಆ ಒಪ್ಪಂದಕ್ಕೆ ಸಹಿ ಹಾಕಿ ನೋಂದಣಿ ಮಾಡುವ ಮೊದಲು ಬೆಲೆಯ ಶೇಕಡಾ ಹತ್ತಕ್ಕಿಂತ ಜಾಸ್ತಿ ತೆಗೆದುಕೊಳ್ಳುವ ಹಾಗೂ ಇಲ್ಲ.

ಸಾಲದವರಿಗೆ ಒಂದು ಮಾತು. ಬ್ಯಾಂಕ್ ಕೊಡುವುದು ಎಸ್ಟಿಮೇಟಿನ ಮೇಲೆ. ನಡುವೆ ಏರಿದ್ದಕ್ಕೆ ತಾನಾಗಿ ಹಣ ಬರುವುದಿಲ್ಲ. ಬೇಸ್ ರೇಟಿನ ಒಪ್ಪಂದ ಮಾಡಿಕೊಂಡರೆ ಮನೆಯ ಮೊತ್ತದ ಶೇಕಡಾ ಏಳೆಂಟರಷ್ಟು ಕೈಯಲ್ಲಿ ಬೇರೆ ಇಟ್ಟುಕೊಳ್ಳಿ. ಇದು ನನ್ನ ಅಂದಾಜು, ಇಷ್ಟು ವರ್ಷದಲ್ಲಿ ಇದಕ್ಕಿಂತ ಜಾಸ್ತಿ ಬೇಕಾದದ್ದು ಕಡಿಮೆ.

ಭಾವನ ಮನೆಯ ಲೆಕ್ಕ

ಕಿನ್ನಿಗೋಳಿಯಲ್ಲಿ ಬೇಸ್ ರೇಟ್ ಬರೆದಿರಲಿಲ್ಲ. ಆದರೂ ಜನವರಿಯಲ್ಲಿ ಬಂದ ಮೊದಲ ಲೋಡುಗಳ ಚೀಟಿ ಕಾಂಟ್ರಾಕ್ಟರ್ ಹತ್ತಿರವೇ ಇತ್ತು. ಅದನ್ನೇ ಬೇಸ್ ಅಂತ ಹಿಡಿಯೋಣ ಅಂದೆ. ಅವರೂ ಒಪ್ಪಿದರು, ಒಳ್ಳೆಯ ಮನುಷ್ಯ. ಮನೆಗೆ ಬೇಕಾದದ್ದು ಐದು ಸಾವಿರ ಕಲ್ಲು. ಎರಡು ಸಾವಿರ ಹಳೆಯ ರೇಟಿನಲ್ಲೇ ಬಂದು ಗೋಡೆ ಸೇರಿತ್ತು. ಉಳಿದ ಮೂರು ಸಾವಿರಕ್ಕೆ ಕಲ್ಲಿಗೆ ಇಪ್ಪತ್ತು ರೂಪಾಯಿ ಹೆಚ್ಚು. ಅರುವತ್ತು ಸಾವಿರ. ಚದರಡಿಗೆ ನೂರು ಅಂತ ಅವರು ಕೇಳಿದ್ದು ಒಂದೂವರೆ ಲಕ್ಷ. ಮೋಸ ಮಾಡಲು ಕೇಳಿದ್ದಲ್ಲ, ಹೆದರಿ ಕೇಳಿದ್ದು. ಇನ್ನೂ ಏನೇನು ಏರುತ್ತದೋ ಅಂತ.

ಕಲ್ಲು ಬಂದು ಸ್ಲ್ಯಾಬ್ ಬೀಳುವಾಗ ಅಕ್ಟೋಬರ್. ಅಷ್ಟರಲ್ಲಿ ಸಿಮೆಂಟಿನ ಜಿಎಸ್‌ಟಿ ಇಳಿದಿತ್ತು. ನಮ್ಮ ಅಂಗಡಿಯಲ್ಲಿ ಇಳಿದದ್ದು ಚೀಲಕ್ಕೆ 25 ರೂಪಾಯಿ. ಬಾಕಿ ಇದ್ದದ್ದು 300 ಚೀಲದ ಕೆಲಸ. ಭಾವ ಮೆಲ್ಲಗೆ, "ಹಾಗಾದರೆ ಏಳೂವರೆ ಸಾವಿರ ಇದರಲ್ಲಿ ಕಳೆಯಬೇಕಲ್ವಾ?" ಅಂದರು.

"ಅದನ್ನೂ ಲೆಕ್ಕ ಹಾಕುವುದಾ ಮಾರಾಯ್ರೇ?" ಅಂತ ಕಾಂಟ್ರಾಕ್ಟರ್ ನಕ್ಕರು. ಆಮೇಲೆ ಅವರೇ ಪೆನ್ ತೆಗೆದು, ಅಗ್ರಿಮೆಂಟಿನ ಹಿಂಬದಿಯಲ್ಲಿ 52,500 ಅಂತ ಬರೆದು, ಕೆಳಗೆ ಕಂಬಿ, ಸಿಮೆಂಟು, ಹೊಯಿಗೆಯ ಅವತ್ತಿನ ರೇಟನ್ನೂ ಬರೆದರು. ಗೋಡೆಯ ಸಾರಣೆಗೆ ಇನ್ನೂ ಹೊಯಿಗೆ ಬರಬೇಕಿತ್ತು.